ಅಳಿಸಬೇಕಿದ್ದ ನಾಲ್ಕು ಸಾಲು

ಅಮ್ಮನ ಕಣ್ಣು ಮಂಜಾದ ಮೇಲೆ ಸೂಜಿಗೆ ದಾರ ಪೋಣಿಸುವ ಕೆಲಸ ನನ್ನ ಪಾಲಿಗೆ ಬಂತು. ಬೆಳಗ್ಗೆ ಕಚೇರಿಗೆ ಹೊರಡುವ ಮೊದಲು ಹತ್ತು ಸೂಜಿಗೆ ದಾರ ಹಾಕಿ, ಅವಳ ಪುಟ್ಟ ದಿಂಬಿಗೆ ಸಾಲಾಗಿ ಚುಚ್ಚಿಟ್ಟು ಹೋಗಬೇಕು. ಅಷ್ಟಿದ್ದರೆ ಅವಳ ದಿನ ಸಾಗುತ್ತದೆ. ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಅಕ್ಕಪಕ್ಕದ ಮನೆಯವರ ಪ್ಯಾಂಟು ಗಿಡ್ಡ ಮಾಡುತ್ತಾಳೆ, ಗುಂಡಿ ಹಾಕುತ್ತಾಳೆ, ಬಿಟ್ಟುಹೋದ ಹೊಲಿಗೆ ಸೇರಿಸುತ್ತಾಳೆ. ಬಟ್ಟೆಯನ್ನು ನೋಡುವ ಅಗತ್ಯವೇ ಅವಳಿಗಿಲ್ಲ, ಬೆರಳಿಗೆ ಎಲ್ಲ ಗೊತ್ತು. ಸೂಜಿಯ ಕಣ್ಣು ಮಾತ್ರ ಕಾಣುವುದಿಲ್ಲ.

ನನ್ನ ತಮ್ಮ ಹೋದ ಮೇಲೆ, ಈ ಹತ್ತು ಸೂಜಿ ಮುಗಿಯುವುದರೊಳಗೆ ಅವಳು ಒಂದು ಪ್ರಶ್ನೆ ಕೇಳುತ್ತಿದ್ದಳು. ಒಂದು ದಿನ ಮೂರನೇ ಸೂಜಿಗೆ ಕೇಳುವಳು, ಇನ್ನೊಂದು ದಿನ ಎಂಟನೆಯದಕ್ಕೆ. ಕೇಳದೆ ಬಿಟ್ಟ ದಿನವಿಲ್ಲ.

"ನಿನಗೂ ಹೇಳ್ಲಿಲ್ವಾ ಅವನು?"

"ಇಲ್ಲಮ್ಮ. ಯಾರಿಗೂ ಹೇಳ್ಲಿಲ್ಲ."

ಅವನು ಸತ್ತದ್ದು ದೊಡ್ಡ ಕರುಳಿನ ಕ್ಯಾನ್ಸರಿನಿಂದ, ಮೂವತ್ತನಾಲ್ಕನೇ ವಯಸ್ಸಿಗೆ. ಸೆಪ್ಟೆಂಬರಿನಲ್ಲಿ ಕಚೇರಿಯ ಮೆಟ್ಟಿಲ ಮೇಲೆ ಕಣ್ಣು ಕತ್ತಲೆ ಬಂದು ಕೂತುಬಿಟ್ಟಾಗಲೇ ನಮಗೆಲ್ಲ ಗೊತ್ತಾದದ್ದು. ಅಷ್ಟು ಹೊತ್ತಿಗೆ ಅದು ಪಿತ್ತಜನಕಾಂಗಕ್ಕೆಲ್ಲ ಹಬ್ಬಿತ್ತು. ಜನವರಿಯಲ್ಲಿ ಹೋದ. ಮಗ ಸತ್ತದ್ದನ್ನು ಅಮ್ಮ ಹೇಗೋ ನುಂಗಿಕೊಂಡಳು. ಆದರೆ ತಿಂಗಳುಗಟ್ಟಲೆ ನೋವು ಇಟ್ಟುಕೊಂಡೂ ಅವನಿಗೆ ಹೇಳಿಕೊಳ್ಳಲು ಈ ಲೋಕದಲ್ಲಿ ಒಬ್ಬರೂ ಸಿಗಲಿಲ್ಲವಲ್ಲ, ಅದು ಅವಳ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ನನಗೋ, ಅದೇ ಮಾತೇ ಆಸರೆ. ಯಾರಿಗೂ ಹೇಳಲಿಲ್ಲ ಅಂದಮೇಲೆ ಯಾರ ತಪ್ಪೂ ಇಲ್ಲ. ಹಾಗೆಂದುಕೊಂಡೇ ನಾನು ಒಂದು ವರ್ಷ ನಿದ್ದೆ ಮಾಡಿದೆ.

ನಾವಿಬ್ಬರೂ ಒಂದೇ ಸಂಶೋಧನಾ ಸಂಸ್ಥೆಯಲ್ಲಿ, ಒಂದೇ ಕೋಣೆಯಲ್ಲಿ, ಎದುರುಬದುರು ಮೇಜಿನಲ್ಲಿ ಕೆಲಸ ಮಾಡುತ್ತಿದ್ದೆವು. ನಾನು ಪ್ರೋಗ್ರಾಮು ಬರೆಯುವವಳು, ಅವನು ಸಮೀಕರಣ ಬಿಡಿಸುವವನು. ಕಿವಿಯ ಮೇಲೊಂದು, ಜೇಬಿನಲ್ಲೊಂದು ಪೆನ್ಸಿಲ್ ಇಟ್ಟುಕೊಂಡು ಮೂರನೆಯದನ್ನು ಹುಡುಕುತ್ತಿರುತ್ತಿದ್ದ. ಸಂಸ್ಥೆಯವರೆಲ್ಲ ಅವನನ್ನು ಪೆನ್ಸಿಲ್ ಎಂದೇ ಕರೆಯುತ್ತಿದ್ದರು. ಅಮ್ಮನಿಗೆ ಮಾತ್ರ ಪುಟ್ಟ.

ನಮ್ಮ ಕೆಲಸ ನಕ್ಷತ್ರಗಳ ಸಾವಿನ ಲೆಕ್ಕ. ಹೀಗೆಂದರೆ ಜನ ಏನೋ ಕಾವ್ಯ ಅಂದುಕೊಳ್ಳುತ್ತಾರೆ. ಕಾವ್ಯವೂ ಇಲ್ಲ, ಗೀವ್ಯವೂ ಇಲ್ಲ. ಉರುವಲು ಮುಗಿದ ದೊಡ್ಡ ನಕ್ಷತ್ರ ತನ್ನ ಭಾರ ತಾನೇ ತಾಳಲಾರದೆ ಒಳಕ್ಕೆ ಕುಸಿಯುತ್ತದೆ. ಒಂದು ಹಂತದವರೆಗೆ ಅದರ ಬೆಳಕು ಹೊರಗಿನವರಿಗೆ ತಲುಪುತ್ತದೆ. ಆ ಹಂತ ದಾಟಿತೋ, ಹೊರಗೆ ಹೊರಟ ಬೆಳಕೂ ಒಳಗೇ ಬೀಳುತ್ತದೆ. ಅದಕ್ಕೆ ನಾವು ಅಂಚು ಎನ್ನುತ್ತೇವೆ. ಅಂಚಿನ ಒಳಗೆ ಬಿದ್ದದ್ದೆಲ್ಲ ಕೊನೆಗೆ ಹೋಗಿ ಸೇರುವಲ್ಲಿ ದೇಶಕಾಲವೇ ಮುಗಿದುಹೋಗುತ್ತದೆ. ಅದರಾಚೆಗೆ ಮುಂದಿನ ಕ್ಷಣ ಅಂತ ಒಂದಿಲ್ಲ. ಪುಸ್ತಕಗಳಲ್ಲಿ ಅದಕ್ಕೆ ಏಕತ್ವ, ಸಿಂಗ್ಯುಲಾರಿಟಿ ಎಂಬ ದೊಡ್ಡ ಹೆಸರಿದೆ. ನನಗೆ ಅದು ಬರೀ ತಲೆನೋವು. ಲೆಕ್ಕ ಅದರ ಹತ್ತಿರ ಹೋದರೆ ಸಂಖ್ಯೆಗಳು ಉಬ್ಬಿ ಉಬ್ಬಿ, ಯಂತ್ರ 'ಇದು ಸಂಖ್ಯೆಯಲ್ಲ' ಎಂದು ಪರದೆ ತುಂಬ ಕಾರಿಕೊಂಡು ನಿಂತುಬಿಡುತ್ತದೆ.

ಇದಕ್ಕೊಂದು ಉಪಾಯವಿದೆ. ಅಂಚಿನ ಒಳಗಿನಿಂದ ಏನೂ ಹೊರಗೆ ಬರುವುದಿಲ್ಲವಾದ್ದರಿಂದ, ಒಳಗಿನ ಒಂದು ತುಂಡನ್ನು ಲೆಕ್ಕದಿಂದ ಕತ್ತರಿಸಿ ಬಿಸಾಡಬಹುದು. ಹೊರಗಿನ ಲೆಕ್ಕಕ್ಕೆ ಕೂದಲಷ್ಟೂ ವ್ಯತ್ಯಾಸವಾಗುವುದಿಲ್ಲ. ಒಂದೇ ಷರತ್ತು: ಕತ್ತರಿ ಅಂಚಿನ ಒಳಗೇ ಬೀಳಬೇಕು. ಒಂದು ಕೂದಲೆಳೆ ಹೊರಗೆ ಬಿದ್ದರೂ, ನಮಗೆ ತಲುಪಬೇಕಿದ್ದ ಬೆಳಕನ್ನೇ ಕತ್ತರಿಸಿದ ಹಾಗೆ. ತಮ್ಮ ಕೆಲಸಕ್ಕೆ ಸೇರಿದ ಮೊದಲ ವಾರ ಇದನ್ನು ಅವನಿಗೆ ಹೇಳಿಕೊಟ್ಟವಳು ನಾನೇ.

ಇನ್ನೊಂದನ್ನೂ ಹೇಳಿಕೊಟ್ಟಿದ್ದೆ. ಪ್ರೋಗ್ರಾಮಿನಲ್ಲಿ ಟಿಪ್ಪಣಿ ಸಾಲು ಎಂದಿರುತ್ತದೆ. ಮುಂದೆ ಒಂದು ಗುರುತು ಹಾಕಿದರೆ ಯಂತ್ರ ಆ ಸಾಲನ್ನು ಓದುವುದಿಲ್ಲ, ಅದು ಮನುಷ್ಯರಿಗಾಗಿ ಬರೆದದ್ದು. ಕೆಳಗೆ ತಾರೀಖು ಮತ್ತು ಹೆಸರು ಇಲ್ಲದ ಟಿಪ್ಪಣಿ ನನ್ನ ಕಣ್ಣಿಗೆ ಬಿದ್ದರೆ ಗ್ರಹಚಾರ ಬಿಡಿಸುತ್ತಿದ್ದೆ. ಅವನು ಇದನ್ನು ಚೆನ್ನಾಗಿ ಕಲಿತ, ಎಷ್ಟರಮಟ್ಟಿಗೆ ಅಂದರೆ ಬಾಯಿಬಿಟ್ಟು ಹೇಳಬೇಕಾದ್ದನ್ನೆಲ್ಲ ಅಲ್ಲೇ ಬರೆಯಲು ಶುರುಮಾಡಿದ. ಮೊದಲಿನಿಂದಲೂ ಹಾಗೆಯೇ, ಮಾತು ಅವನ ಗಂಟಲು ದಾಟುತ್ತಿರಲಿಲ್ಲ. ಚಿಕ್ಕವನಿದ್ದಾಗ ನನ್ನ ಶಾಲೆಯ ಚೀಲದಲ್ಲಿ ಚೀಟಿ ಹಾಕಿಡುತ್ತಿದ್ದ. ಈಗ ಮೂರು ಅಡಿ ದೂರದಲ್ಲಿ ಕೂತುಕೊಂಡು, 'ಅಕ್ಕ, ಈ ಲೂಪು ನಿನ್ನ ಸಿಟ್ಟಿನ ಥರ, ಶುರುವಾದ್ರೆ ನಿಲ್ಲಲ್ಲ, ನೋಡು' ಎಂದು ಪ್ರೋಗ್ರಾಮಿನೊಳಗೆ ಬರೆಯುವನು. ನಾನು ಅದರ ಕೆಳಗೆ, 'ನಿಲ್ಲಿಸಿದ್ದೀನಿ. ಇನ್ನೊಂದ್ಸಲ ಹೀಗೆ ಬರೆದ್ರೆ ನಿನ್ನ ಊಟಾನೂ ನಿಲ್ಲಿಸ್ತೀನಿ' ಎಂದು ಬರೆಯುವೆನು. ಕೊಡೆ ಬೇಕು, ಅಮ್ಮನ ಔಷಧಿ ತರಬೇಕು, ಭಾನುವಾರ ಊಟಕ್ಕೆ ಬರುತ್ತೇನೆ, ಎಲ್ಲ ಅಲ್ಲೇ. ನಮ್ಮ ಗುಂಪಿನ ಮುಖ್ಯಸ್ಥರು ಒಮ್ಮೆ ಅದನ್ನು ನೋಡಿ, ಈ ಮನೆಪುರಾಣವನ್ನು ಯಂತ್ರ ಓದದೇ ಇರುವುದೇ ಪುಣ್ಯ ಎಂದು ನಕ್ಕಿದ್ದರು.

ಸಿಟ್ಟು ನನಗೆ ಮೂಗಿನ ತುದಿಯಲ್ಲಿ. ಅದನ್ನು ನಾನು ಹೆಮ್ಮೆಯಿಂದಲೇ ಹೇಳಿಕೊಂಡು ತಿರುಗುತ್ತಿದ್ದ ಕಾಲವೂ ಒಂದಿತ್ತು.

ಎರಡು ವರ್ಷದ ಹಿಂದಿನ ಫೆಬ್ರುವರಿಯ ಮಾತು. ತಮ್ಮನಿಗೆ ಅಂಚಿನ ಒಳಗಿನ ಲೆಕ್ಕ ಮಾಡುವ ಹುಚ್ಚು ಹಿಡಿದಿತ್ತು. ಕತ್ತರಿಸುವುದು ಬೇಡ ಅಕ್ಕ, ಕೊನೆಯವರೆಗೂ ಹೋಗಿ ನೋಡೋಣ ಎನ್ನುತ್ತಿದ್ದ. ಅದಕ್ಕಾಗಿ ಬೇರೆಯೇ ಒಂದು ಕಡತ ಬರೆದು ನನ್ನ ಪ್ರೋಗ್ರಾಮಿಗೆ ಜೋಡಿಸಿದ್ದ. ಅದರ ಮೊದಲ ನಲವತ್ತು ಸಾಲು ಅಂಚಿನ ಹೊರಗಿನದು, ಆಮೇಲಿನದು ಒಳಗಿನದು. ಸಂಸ್ಥೆಯ ದೊಡ್ಡ ಕಂಪ್ಯೂಟರಿನಲ್ಲಿ ನಮಗೆ ಸಿಗುತ್ತಿದ್ದದ್ದು ವರ್ಷಕ್ಕೆ ಇಷ್ಟು ಗಂಟೆ ಎಂದು ಅಳೆದು ತೂಗಿ ಕೊಟ್ಟ ಸಮಯ. ಮೂರು ವಾರ ಓಡಿದ ಲೆಕ್ಕ, ವರದಿ ಒಪ್ಪಿಸುವುದಕ್ಕೆ ಎರಡು ದಿನ ಇರುವಾಗ, ಅವನ ಒಳಗಿನ ಭಾಗದಲ್ಲಿ ಸಂಖ್ಯೆ ಉಬ್ಬಿ ನಿಂತುಹೋಯಿತು. ಮೂರು ವಾರ ನೀರುಪಾಲು.

ಮಂಗಳವಾರದ ಸಭೆಯಲ್ಲಿ, ಹನ್ನೊಂದು ಜನರ ಮುಂದೆ, ನಾನು ಅವನ ಮಾನ ಕಳೆದೆ. "ಒಳಗಿಂದ ಏನೂ ಹೊರಗೆ ಬರಲ್ಲ. ಬರದೇ ಇರೋದನ್ನ ಕೇಳಿಸ್ಕೊಂಡು ಕೂತ್ಕೊಳ್ಳೋಕೆ ನನ್ನ ಹತ್ರ ಟೈಮಿಲ್ಲ" ಎಂದೆ. ಅವನು ಪೆನ್ಸಿಲನ್ನು ಕಿವಿಯಿಂದ ತೆಗೆದು, ತಿರುಗಿಸಿ, ಮತ್ತೆ ಕಿವಿಗೇ ಸಿಕ್ಕಿಸಿಕೊಂಡ. ಸಭೆ ಮುಗಿದದ್ದೇ ನಾನು ನನ್ನ ಮೇಜಿಗೆ ಬಂದು ಅವನ ಕಡತ ತೆರೆದೆ. ಎಲ್ಲಿಂದ ಕತ್ತರಿಸಬೇಕು ಎಂದು ನೋಡುವ ವ್ಯವಧಾನ ಇರಲಿಲ್ಲ. ಅಲ್ಲಿಂದಾಚೆಗೆ ಯಂತ್ರ ಓದಬಾರದೆಂದು ನಲವತ್ತೊಂದನೇ ಸಾಲಿನಲ್ಲಿ ಹಾಕಬೇಕಾದ ಕತ್ತರಿ ಗುರುತನ್ನು ಕಡತದ ತಲೆಯ ಮೇಲೇ ಹಾಕಿದೆ, ಇನ್ನೊಂದನ್ನು ಕಾಲಿನ ಕೆಳಗೆ ಹಾಕಿದೆ, ಇಡೀ ಕಡತವನ್ನೇ ಮಡಚಿಟ್ಟೆ. ಹಾಗೆ ಮಡಚಿದರೆ ಪರದೆಯ ಮೇಲೆ ಬರೀ ಒಂದು ಬೂದು ಗೆರೆ ಉಳಿಯುತ್ತದೆ. ನಾನು ಆಮೇಲೆ ಅದನ್ನು ಬಿಚ್ಚಲಿಲ್ಲ.

ಅಂದಿನಿಂದ ಅವನೂ ನನ್ನೊಡನೆ ಮಾತು ಬಿಟ್ಟ. ಟಿಪ್ಪಣಿಯೂ ನಿಂತಿತು. ಎರಡು ಬೀದಿ ಆಚೆ ಬಾಡಿಗೆ ಕೋಣೆಯಲ್ಲಿದ್ದವನು, ಭಾನುವಾರ ಊಟಕ್ಕೆ ಬರುವುದನ್ನು ಮಾತ್ರ ನಿಲ್ಲಿಸಲಿಲ್ಲ. ಅಮ್ಮನ ಜೊತೆ ಮಾತಾಡಿ, ಅವಳ ಸೂಜಿಗಳಿಗೆ ದಾರ ಹಾಕಿಕೊಟ್ಟು ಹೋಗುತ್ತಿದ್ದ. ನಾನು ಮುಖ ಗಂಟು ಹಾಕಿಕೊಂಡು ಬಡಿಸುತ್ತಿದ್ದೆ. ತೆಳ್ಳಗಾಗುತ್ತಿದ್ದ, ಅದೂ ಕಾಣುತ್ತಿತ್ತು. ನನ್ನ ಮೇಲಿನ ಕೋಪಕ್ಕೆ ಊಟ ಬಿಡುತ್ತಿದ್ದಾನೆ, ಬಿಡಲಿ, ಎಷ್ಟು ದಿನ ಬಿಡುತ್ತಾನೋ ನೋಡೋಣ ಎಂದುಕೊಂಡೆ. ಏಳು ತಿಂಗಳು ಹೀಗೇ ಕಳೆಯಿತು.

ಆಸ್ಪತ್ರೆ ಸೇರಿದ ಮೇಲೆ ಜಗಳ ತಾನಾಗಿ ಕರಗಿತು. ನಾಲ್ಕು ತಿಂಗಳು ರಜೆ ಹಾಕಿ ಅವನ ಮಂಚದ ಪಕ್ಕದಲ್ಲಿದ್ದೆ. ಸೂಜಿ ಚುಚ್ಚುವಾಗ ಚಿಕ್ಕಂದಿನ ಹಾಗೆಯೇ ನನ್ನ ಕೈ ಹಿಡಿದುಕೊಂಡು ಗೋಡೆ ಕಡೆ ತಿರುಗುತ್ತಿದ್ದ. ಒಂದು ದಿನ ತಡೆಯಲಾರದೆ ಬೈದೆ, ಅಲ್ಲಿಯೂ ಬೈದೆ. "ಮೊದ್ಲೇ ಯಾಕೆ ಹೇಳ್ಲಿಲ್ಲ ಕಣೋ? ನಾನೇನು ಸತ್ತಿದ್ನಾ?"

ಅವನು ನನ್ನ ಮುಖವನ್ನೇ ನೋಡಿದ. ಬಹಳ ಹೊತ್ತು ನೋಡಿದ. ಏನೋ ಲೆಕ್ಕ ಹೊಂದಿಸಿಕೊಳ್ಳುವವನ ಹಾಗಿತ್ತು ಆ ನೋಟ. ಆಮೇಲೆ ಮೆಲ್ಲಗೆ, "ಹೋಗ್ಲಿ ಬಿಡಕ್ಕ" ಅಂದ.

ಅದೇ ಸಂಜೆಯಿಂದ ಅವನು ಕಂಪ್ಯೂಟರು ತಂದುಕೊಡು ಎಂದು ಶುರುಮಾಡಿದ. ನಾಲ್ಕು ಸಾಲು ಅಳಿಸುವುದಿದೆ, ಐದು ನಿಮಿಷ ಸಾಕು ಎಂದ. ನಾನು ಕೆಲಸ ಗಿಲಸ ಏನೂ ಬೇಡ, ಸುಮ್ಮನೆ ಮಲಗು ಎಂದೆ. ಮರುದಿನ ಕೇಳಿದ. ಕೈಯಲ್ಲಿ ಶಕ್ತಿ ಇಲ್ಲದ ದಿನವೂ ಕೇಳಿದ. ನೀನೇ ಅಳಿಸುತ್ತೀಯಾ ಎಂದು ಮಾತ್ರ ಒಂದು ಸಲವೂ ಕೇಳಲಿಲ್ಲ. ಸಾಯುವಾಗಲೂ ಇವನಿಗೆ ಪ್ರೋಗ್ರಾಮಿನದೇ ಚಿಂತೆ ಎಂದು ನರ್ಸಿನ ಹತ್ತಿರ ಹೇಳಿಕೊಂಡು ಅತ್ತಿದ್ದೆ.

ಅವನು ಹೋದ ಮೇಲೆ ನಾನು ಮಾಡಿದ್ದು ನನ್ನ ಕಸುಬಿನವರು ಮಾಡುವ ಕೆಲಸವನ್ನೇ. ನಕ್ಷತ್ರ ಕುಸಿಯುತ್ತಿರುವಾಗ ಅಂಚು ಯಾವ ಕ್ಷಣಕ್ಕೆ ಹುಟ್ಟಿತು ಎಂದು ಆ ಕ್ಷಣದಲ್ಲಿ ಯಾರಿಗೂ ತಿಳಿಯುವುದಿಲ್ಲ. ಅಲ್ಲಿ ಗೋಡೆಯಿಲ್ಲ, ಗೆರೆಯಿಲ್ಲ. ಎಲ್ಲ ಮುಗಿದ ಮೇಲೆ, ಕೊನೆಯಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಬಂದು, ಹೊರಗೆ ತಲುಪಿದ ಕಟ್ಟಕಡೆಯ ಬೆಳಕು ಯಾವುದು ಎಂದು ಹುಡುಕಬೇಕು. ನಾನು ಡಾಕ್ಟರ ಹತ್ತಿರ ಹೋಗಿ, ಎಂದಿನವರೆಗೆ ಬಂದಿದ್ದರೆ ಉಳಿಯುತ್ತಿದ್ದ ಎಂದು ಕೇಳಿದೆ. ಅವರು ಹಾಗೆಲ್ಲ ತಾರೀಖು ಹೇಳಲಾಗುವುದಿಲ್ಲ ಎಂದರು. ನಾನು ಬಿಡಲಿಲ್ಲ. ಮೂರನೇ ಸಲ ಹೋದಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನೋಡಿ ಮೇಡಂ, ನಾನು ಹೇಳೋದು ಅಂದಾಜು ಅಷ್ಟೆ. ಮಾರ್ಚ್ ತನಕ ಬಂದಿದ್ರೆ ಆಪರೇಷನ್ ಮಾಡಿ ತೆಗೀಬಹುದಿತ್ತು ಅನ್ಸತ್ತೆ. ಈಗ ಅದನ್ನ ತಿಳ್ಕೊಂಡು ಏನ್ ಮಾಡ್ತೀರಾ?"

ಏನು ಮಾಡುವುದು, ಮಾರ್ಚ್ ಎಂಬುದನ್ನು ಹೊತ್ತುಕೊಂಡು ಮನೆಗೆ ಬಂದೆ. ಮಾರ್ಚಿನಲ್ಲಿ ಅವನು ಯಾರಿಗೂ ಹೇಳಿರಲಿಲ್ಲ. ಹಾಗಾಗಿ ಅವನನ್ನು ಉಳಿಸುವುದು ಯಾರ ಕೈಯಲ್ಲೂ ಇರಲಿಲ್ಲ. ಲೆಕ್ಕ ಸರಿಹೋಯಿತು.

ವರ್ಷ ತುಂಬಿದ ಹೊತ್ತಿಗೆ ಮುಖ್ಯಸ್ಥರು ನನ್ನನ್ನು ಕರೆದರು. ಅಂಚಿನ ಒಳಗಿನ ಲೆಕ್ಕ ಯಾರಾದರೂ ಮಾಡಿದ್ದೀರಾ ಎಂದು ಬೇರೊಂದು ಗುಂಪಿನವರು ಕೇಳಿದ್ದರಂತೆ. ಪೆನ್ಸಿಲ್ ಬರೆದದ್ದನ್ನು ಸರಿಪಡಿಸಿ ಅವನ ಹೆಸರಿನಲ್ಲೇ ಪ್ರಕಟಿಸೋಣ, ನೀವೇ ಮಾಡಬೇಕು ಎಂದರು. ಅವನ ಹೆಸರು ಅಚ್ಚಾಗುತ್ತದೆ ಎಂಬ ಸಂತೋಷಕ್ಕೆ ಕಣ್ಣು ತುಂಬಿಕೊಂಡು ಕೋಣೆಗೆ ಬಂದೆ. ಮಧ್ಯಾಹ್ನದ ಹೊತ್ತು. ಎದುರಿನ ಕುರ್ಚಿ ಖಾಲಿ. ಬೂದು ಗೆರೆಯ ಮೇಲೆ ಒತ್ತಿ ಕಡತ ಬಿಚ್ಚಿದೆ.

ಮೊದಲಿಗೆ ನನ್ನದೇ ಗುರುತು: 'ಈ ಭಾಗ ಬೇಕಿಲ್ಲ. ಕತ್ತರಿಸಿದ್ದೀನಿ. ಅಕ್ಕ, ಫೆಬ್ರುವರಿ 7.' ಅದಕ್ಕೆ ಅಂಟಿಕೊಂಡ ಹಾಗೆ, ಕೆಳಗೆ, ಅವನ ಟಿಪ್ಪಣಿ ನಾಲ್ಕು ಸಾಲು. ಸೋಮವಾರ, ಅಂದರೆ ಸಭೆಗೆ ಒಂದು ದಿನ ಮುಂಚೆ ಬರೆದದ್ದು.

'ಅಕ್ಕ, ಹದಿನೈದು ದಿನದಿಂದ ರಕ್ತ ಹೋಗ್ತಿದೆ. ಹೊಟ್ಟೆ ನೋವೂ ಇದೆ.
ಗುರುವಾರ ಹತ್ತೂವರೆಗೆ ಡಾಕ್ಟರ ಹತ್ರ ಹೇಳಿಟ್ಟಿದ್ದೀನಿ.
ಒಬ್ಬನೇ ಹೋಗೋಕೆ ಭಯ ಆಗತ್ತೆ, ನೀನು ಬಾ.
ಅಮ್ಮನಿಗೆ ಹೇಳ್ಬೇಡ.'

ಕೆಳಗೆ, ನಾನು ಕಲಿಸಿದ ಹಾಗೆ, ತಾರೀಖು. ಫೆಬ್ರುವರಿ 6.

ಅದರ ಕೆಳಗೆ ಇನ್ನೊಂದು ಸಾಲಿತ್ತು. ಗುರುವಾರ ಬರೆದದ್ದು, ಫೆಬ್ರುವರಿ 9.

'ಸರಿ ಅಕ್ಕ.'

ನನಗೆ ಆ ಗುರುವಾರ ನೆನಪಿದೆ. ನೆನಪಿಲ್ಲದೇ ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವನು ಇಸ್ತ್ರಿ ಮಾಡಿದ ನೀಲಿ ಅಂಗಿ ಹಾಕಿಕೊಂಡು ಬಂದಿದ್ದ. ಚೀಲವನ್ನು ತೊಡೆಯ ಮೇಲೇ ಇಟ್ಟುಕೊಂಡು ಕೂತಿದ್ದ. ಎಲ್ಲಿಗೋ ಹೊರಟಿದ್ದಾನೆ, ಬೇರೆ ಕಡೆ ಕೆಲಸಕ್ಕೆ ಸಂದರ್ಶನವೋ ಏನೋ, ಹೋಗಲಿ ಮಹಾರಾಯ ಎಂದು ನಾನು ಬೇಕೆಂದೇ ತಲೆ ಎತ್ತಲಿಲ್ಲ. ಹತ್ತು ಗಂಟೆಯಾಯಿತು, ಹತ್ತೂಕಾಲಾಯಿತು. ಎರಡು ಸಲ ಗಂಟಲು ಸರಿಮಾಡಿಕೊಂಡ. ಆಮೇಲೆ ಯಂತ್ರ ಹಾಕಿದ, ಏನೋ ತೆರೆದು ಓದಿದ, ಒಂದಷ್ಟು ಕೀಲಿ ಒತ್ತಿದ ಸದ್ದು ಬಂತು. ಚೀಲವನ್ನು ಕಾಲಬುಡಕ್ಕೆ ಇಳಿಸಿದ. ಅಂದು ಮಧ್ಯಾಹ್ನ ಅವನು ಊಟಕ್ಕೆ ಏಳಲಿಲ್ಲ.

ಜಗಳವಾಗಿದೆ, ಆದರೂ ಅಕ್ಕ ಬರುತ್ತಾಳೆ ಎಂದು ನಂಬಿಕೊಂಡು ಬಂದಿದ್ದ. ತನ್ನ ನಾಲ್ಕು ಸಾಲಿನ ನೆತ್ತಿಯ ಮೇಲೆ ನನ್ನ ಸಹಿ ಹಾಕಿದ 'ಬೇಕಿಲ್ಲ' ನೋಡಿದ. ನಾನು ಓದಿಯೇ ಬರೆದದ್ದು ಎಂದುಕೊಂಡ. ಎಂದುಕೊಳ್ಳದೆ ಏನು ಮಾಡುತ್ತಾನೆ, ನಾನು ಓದದೆ ಒಂದು ಸಾಲನ್ನೂ ಮುಟ್ಟುವವಳಲ್ಲ ಎಂದು ಅವನಿಗೆ ಹತ್ತು ವರ್ಷದಿಂದ ಗೊತ್ತಿತ್ತು. ಏಳು ತಿಂಗಳು ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಪ್ರತಿ ಭಾನುವಾರ ಬಂದು ನನ್ನ ಕೈಯಿಂದಲೇ ಬಡಿಸಿಕೊಂಡು ತಿಂದ. ಆಸ್ಪತ್ರೆಯಲ್ಲಿ ನಾನು ಬೈದ ಹೊತ್ತಿನಲ್ಲಿ, ಇವಳು ಓದಿಯೇ ಇಲ್ಲ ಎಂದು ಅವನಿಗೆ ಹೊಳೆಯಿತು. ಅದಕ್ಕೇ ಕಂಪ್ಯೂಟರು ಕೇಳಿದ್ದು. ನಾನು ಸಾಯುವವರೆಗೂ ಇದನ್ನು ನೋಡಬಾರದು ಎಂದು.

ಅಂಚಿನ ಹೊರಗಿನ ನಲವತ್ತು ಸಾಲಿನಲ್ಲಿ ಅವನು ಬರೆದಿದ್ದ. ಇನ್ನೂ ತಲುಪಬಹುದಾದ ಜಾಗದಲ್ಲಿ ಬರೆದಿದ್ದ. ಮಾರ್ಚಿಗೆ ಇನ್ನೂ ಮೂರು ವಾರ ಇತ್ತು.

ಸಂಜೆ ಆ ಹಾಳೆಯನ್ನು ಮುದ್ರಿಸಿ ಮಡಚಿ ಚೀಲಕ್ಕೆ ಹಾಕಿಕೊಂಡು ಮನೆಗೆ ನಡೆದೆ. ಅಮ್ಮನಿಗೆ ಹೇಳಬೇಡ ಎಂದು ಅವನೇ ಬರೆದಿದ್ದಾನೆ. ಅಳಿಸಲು ಹೊರಟಿದ್ದವನೂ ಅವನೇ. ಹೇಳದಿದ್ದರೆ ಅವನ ಮಾತು ನಡೆಸಿದ ಹಾಗೆ, ನನ್ನ ಮಾನವೂ ಉಳಿದ ಹಾಗೆ. ಅಮ್ಮ ಮಾತ್ರ ಸಾಯುವತನಕ ಪ್ರತಿ ಬೆಳಗ್ಗೆ, ತನ್ನ ಮಗನಿಗೆ ಹೇಳಿಕೊಳ್ಳಲು ಯಾರೂ ಇರಲಿಲ್ಲ ಎಂದು ಕೊರಗುತ್ತಾಳೆ. ಬೀದಿ ದೀಪದ ಕೆಳಗೆ ಎರಡು ಸಲ ನಿಂತೆ, ಹಾಳೆಯನ್ನು ಹರಿಯಲೆಂದು. ಹರಿಯಲು ಕೈ ಬರಲಿಲ್ಲ. ಅವನ ಕೈಬರಹವೂ ಅಲ್ಲ ಅದು, ಬರೀ ಯಂತ್ರದ ಅಕ್ಷರ, ಆದರೂ ಹರಿಯಲಾಗಲಿಲ್ಲ.

ಅಮ್ಮ ಯಾರದೋ ಕೋಟಿಗೆ ಗುಂಡಿ ಹಾಕುತ್ತಿದ್ದಳು. ನಾನು ಚಪ್ಪಲಿಯನ್ನೂ ಬಿಡದೆ ಅವಳ ಎದುರು ಕೂತೆ.

"ಅಮ್ಮ, ಅವನು ಹೇಳಿದ್ದ."

ಅವಳ ಕೈ ನಿಂತಿತು. ಯಾರಿಗೆ ಎಂದಳು.

"ನನಗೆ."

ಹಾಳೆ ಬಿಚ್ಚಿ ನಾಲ್ಕು ಸಾಲನ್ನೂ ಓದಿದೆ. ಅಮ್ಮನ ಮುಖದಲ್ಲಿ ಒಂದು ಗಳಿಗೆ ಬೆಳಕು ಬಂದದ್ದನ್ನು ನಾನು ಕಂಡೆ, ಸುಳ್ಳಲ್ಲ. ಮಗ ಒಬ್ಬನೇ ಇರಲಿಲ್ಲ, ಅಕ್ಕನಿಗೆ ಹೇಳಿಕೊಂಡಿದ್ದ, ಭಯ ಆಗುತ್ತೆ ಎಂದು ಬಾಯಿಬಿಟ್ಟಿದ್ದ. ಅವಳ ಕಣ್ಣಿಂದ ನೀರು ಇಳಿಯಿತು. ಅದನ್ನು ಒರೆಸಿಕೊಳ್ಳುತ್ತಾ, ಮಾಮೂಲಿನಂತೆ, ಯಾರಾದರೂ ಕೇಳುವ ಹಾಗೆಯೇ ಕೇಳಿದಳು.

"ಅದಕ್ಕೆ ನೀನೇನಂದೆ?"

ನಾನು ಹಾಳೆಯ ಮೇಲ್ಗಡೆ ಇದ್ದ ಸಾಲು ಓದಿದೆ. ಕೆಳಗಡೆ ಇದ್ದದ್ದನ್ನೂ ಓದಿದೆ. ಓದದೆ ಬರೆದದ್ದು ಎಂದೆ. ಸಿಟ್ಟಿನಲ್ಲಿದ್ದೆ ಎಂದೆ. ಇನ್ನೂ ಏನೇನೋ ಅಂದಿರಬೇಕು. ಅಮ್ಮ ಕೋಟಿನ ಮೇಲೆ ಬೆರಳಾಡಿಸುತ್ತಿದ್ದಳು.

"ಆ ಬುಧವಾರ ಸಂಜೆ, ನೀನು ಬರೋಕೆ ಮುಂಚೆ ಬಂದಿದ್ದ" ಎಂದಳು ಕೊನೆಗೆ. "ನೀಲಿ ಅಂಗಿ ತಂದು ಗುಂಡಿ ಹಾಕಿಸ್ಕೊಂಡ, ಇಸ್ತ್ರೀನೂ ಮಾಡಿಸ್ಕೊಂಡ. ನಾಳೆ ಅಕ್ಕನ ಜೊತೆ ಹೋಗ್ಬೇಕು ಅಂದ. ಸದ್ಯ, ಇಬ್ರೂ ರಾಜಿ ಆದ್ರಲ್ಲ ಅಂದ್ಕೊಂಡೆ ನಾನು."

ಆಮೇಲೆ ಮತ್ತೊಮ್ಮೆ ಓದಲು ಹೇಳಿದಳು. ಓದಿದೆ. ಮೂರನೇ ಸಾಲನ್ನು ಮಾತ್ರ ಇನ್ನೊಂದು ಸಲ ಓದಿಸಿದಳು. ಹಾಳೆ ತೆಗೆದುಕೊಂಡು, ಓದಲಾಗದ ಕಣ್ಣಿನ ಹತ್ತಿರ ಹಿಡಿದು ನೋಡಿ, ಮಡಚಿ, ತನ್ನ ಹೊಲಿಗೆ ಡಬ್ಬಿಯಲ್ಲಿ ಇಟ್ಟುಕೊಂಡಳು. ಬೈಯಲಿಲ್ಲ. ಬೈದಿದ್ದರೆ ನಾನು ಅವಳ ಕಾಲು ಹಿಡಿದು ಅತ್ತುಬಿಡುತ್ತಿದ್ದೆ.

ಮರುದಿನ ಬೆಳಗ್ಗೆ ಅವಳು ಎಂದಿನಂತೆ ಸೂಜಿದಿಂಬನ್ನು ನನ್ನ ಮುಂದಿಟ್ಟಳು. ನಾನು ದಾರ ಹಾಕತೊಡಗಿದೆ. ಮೂರನೇ ಸೂಜಿ ಮುಗಿಯಿತು, ಎಂಟನೆಯದು ಮುಗಿಯಿತು. ಅಮ್ಮ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಒಂದು ವರ್ಷ ಯಾವ ಪ್ರಶ್ನೆಗೆ ನಾನು ಒಳಗೊಳಗೇ ಸಿಡುಕುತ್ತಿದ್ದೆನೋ, ಅದಕ್ಕೆ ಕಿವಿ ತೆರೆದು ಕಾದೆ. ಹತ್ತನೆಯದೂ ಮುಗಿಯಿತು. ಅವಳು ಏನೂ ಕೇಳಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು. ನಾನು ಡಬ್ಬಿಯಿಂದ ಹನ್ನೊಂದನೇ ಸೂಜಿ ತೆಗೆದುಕೊಂಡೆ.